ಕಣ್ಣಾಡಿಸಿ ಮನದ ಗಾಯಕ್ಕೆ ಮದ್ದು

ಬಸ್ ಅಪಘಾತದಲ್ಲಿ ಬದುಕುಳಿದವರ ಮೈಗಾಯ ಮಾಯ್ದು ತಿಂಗಳುಗಳೇ ಕಳೆದಿರುತ್ತವೆ. ಆದರೂ ಬ್ರೇಕಿನ ಸದ್ದಿಗೆ ಬೆವರುವವರಿದ್ದಾರೆ, ರಾತ್ರಿ ಬೆಚ್ಚಿ ಏಳುವವರಿದ್ದಾರೆ. ‘ಮರೆತುಬಿಡು’ ಎಂದು ಮನೆಯವರು ಹೇಳುವುದು ಸುಲಭ. ಮರೆಯಲಾಗದಿರುವುದೇ ಅವರ ಕಾಯಿಲೆ.

ಇಂಥವರಿಗೆ ನೆರವಾಗಬಲ್ಲ ಒಂದು ಚಿಕಿತ್ಸೆ ಇ.ಎಂ.ಡಿ.ಆರ್. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸೀನ್ ಶಪಿರೊ 1987ರಲ್ಲಿ ಇದನ್ನು ರೂಪಿಸತೊಡಗಿದರು. ರೋಗಿ ಆ ಘಟನೆಯ ಅತ್ಯಂತ ಕಹಿಯಾದ ದೃಶ್ಯವನ್ನು ಮನಸ್ಸಿಗೆ ತಂದುಕೊಂಡು, ಚಿಕಿತ್ಸಕರು ಎಡಕ್ಕೂ ಬಲಕ್ಕೂ ಆಡಿಸುವ ಬೆರಳನ್ನು ಕಣ್ಣಿನಿಂದಲೇ ಹಿಂಬಾಲಿಸಬೇಕು. ಸುಮಾರು ಅರ್ಧ ನಿಮಿಷ. ಬಳಿಕ ವಿರಾಮ, ಮನಸ್ಸಿಗೆ ಏನು ಬಂತೆಂದು ಹೇಳಬೇಕು. ಮತ್ತೆ ಅದೇ. ನೆನಪು ಅಳಿಯುವುದಿಲ್ಲ, ಅದರ ಮೊನಚು ತಗ್ಗುತ್ತದೆ. ದೃಶ್ಯ, ಬೆರಳು ಎರಡಕ್ಕೂ ಒಟ್ಟಿಗೆ ಗಮನ ಕೊಡಬೇಕಾದಾಗ ದೃಶ್ಯ ಮಸುಕಾಗುತ್ತದೆ ಎಂಬುದು ಒಂದು ವಿವರಣೆ. ಕಣ್ಣಿನ ಚಲನೆ ಬೇಕೇಬೇಕೆ ಎಂಬ ವಾದ ಮಾತ್ರ ತಜ್ಞರಲ್ಲಿ ಮುಗಿದಿಲ್ಲ. ಯಾವುದೋ ಮೋಡಿಯಂತೆ ಕಾಣುವ ಈ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2013ರಲ್ಲಿ ಶಿಫಾರಸು ಮಾಡಿದೆ.

ಹಾಗೆಂದು ಮನೆಯಲ್ಲಿ ನೀವೇ ಬೆರಳಾಡಿಸಿ ನೋಡಬೇಡಿ. ಅದುಮಿಟ್ಟ ಭಯ ಒಮ್ಮೆಲೇ ಉಕ್ಕಿದರೆ ಸಂಭಾಳಿಸಲು ತರಬೇತಿ ಪಡೆದವರು ಎದುರಿಗಿರಬೇಕು. ಮನೋವೈದ್ಯರನ್ನು ಕೇಳಿ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.