ಕೆರೆಯಂಚಿನಿಂದ ಎಷ್ಟು ಮೀಟರ್? ಪದರ ನಕ್ಷೆಗಳ ಮೂಲಕ ಅನುಪಾತದ ಪಾಠ

ತರಗತಿ: 8 | ವಿಷಯ: ಗಣಿತ | ಅವಧಿ: 40 ನಿಮಿಷ | ಊರು: ಕುಂದಲಹಳ್ಳಿ

ಉದ್ದೇಶ: ನಕ್ಷೆಯ ಅಳತೆ ಪ್ರಮಾಣವನ್ನು ಅನುಪಾತವಾಗಿ ಬಳಸುವುದು, ಒಂದು ಸಂಸ್ಥೆ ನಕ್ಷೆ ನೋಡಿ ತೀರ್ಮಾನಕ್ಕೆ ಬರುವ ಬಗೆಯನ್ನು ತಿಳಿಯುವುದು.

ಸಾಮಗ್ರಿ: ಕುಂದಲಹಳ್ಳಿ ಕೆರೆಯ ಸುತ್ತಲಿನ 1:5000 ನಕ್ಷೆ, ಟ್ರೇಸಿಂಗ್ ಹಾಳೆ, ಬಣ್ಣದ ಪೆನ್ಸಿಲ್, ಅಳತೆಪಟ್ಟಿ.

ಪೀಠಿಕೆ: ಒಂದು ಪ್ರದೇಶದ ಮಾಹಿತಿಯನ್ನು ಪದರ ಪದರವಾಗಿ ಒಂದರ ಮೇಲೊಂದು ಇಟ್ಟು ನೋಡುವ ಕಂಪ್ಯೂಟರ್ ವಿಧಾನವೇ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ‘ದಿಶಾಂಕ್’ ಆ್ಯಪ್ ಇದೇ ವಿಧಾನದಲ್ಲಿ ನಾವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ತರಗತಿಯಲ್ಲಿ ಕಂಪ್ಯೂಟರ್ ಬದಲು ಟ್ರೇಸಿಂಗ್ ಹಾಳೆ ಬಳಸಿದೆ.

ಚಟುವಟಿಕೆ: ಪ್ರತಿ ಗುಂಪು ಮೂರು ಹಾಳೆ ಸಿದ್ಧಪಡಿಸಿತು: ಕೆರೆ, ರಸ್ತೆ, ಮನೆಗಳು. ವಾರ್ಡ್ ಕಚೇರಿಯೊಂದು ಕ್ಲಿನಿಕ್ ಕಟ್ಟಲು ಜಾಗ ಆರಿಸಬೇಕು ಎಂಬುದು ಸಮಸ್ಯೆ. ಅಭ್ಯಾಸಕ್ಕಾಗಿ ಅ, ಆ, ಇ ಎಂದು ಮೂರು ಜಾಗಗಳನ್ನು ನಾನೇ ಗುರುತಿಸಿದ್ದೆ. ಇವು ಕೆರೆಯಂಚಿನಿಂದ ಕ್ರಮವಾಗಿ 18, 10, 24 ಮಿ.ಮೀ. ದೂರದಲ್ಲಿದ್ದವು. ಮನೆಗಳಿಗೆ ಹತ್ತಿರವಿದ್ದದ್ದು ‘ಆ’.

ಕೆರೆಯ ಸುತ್ತ ಕಟ್ಟಡ ಕಟ್ಟಬಾರದ ಪಟ್ಟಿಗೆ ಮೀಸಲು ವಲಯ ಎನ್ನುತ್ತಾರೆ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ ಇದನ್ನು 75 ಮೀಟರ್ ಎಂದು ನಿಗದಿ ಮಾಡಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ್ದರಿಂದ, ಮಹಾಯೋಜನೆ–2015ರಲ್ಲಿದ್ದ 30 ಮೀಟರ್ ಮತ್ತೆ ಜಾರಿಗೆ ಬಂತು. ಅರ್ಧ ಗುಂಪುಗಳಿಗೆ 30, ಉಳಿದವಕ್ಕೆ 75 ಕೊಟ್ಟೆ.

1:5000 ಎಂದರೆ 1 ಮಿ.ಮೀ.ಗೆ 5 ಮೀಟರ್. ಹಾಗಾಗಿ 30 ಮೀಟರ್‌ಗೆ 6 ಮಿ.ಮೀ., 75 ಮೀಟರ್‌ಗೆ 15 ಮಿ.ಮೀ. ಮಕ್ಕಳು ಗೆರೆ ಎಳೆದು ಹಾಳೆಗಳನ್ನು ಜೋಡಿಸಿದರು. 6 ಮಿ.ಮೀ. ಗುಂಪಿನಲ್ಲಿ ಮೂರೂ ಜಾಗ ಉಳಿದವು, 15 ಮಿ.ಮೀ. ಗುಂಪಿನಲ್ಲಿ ‘ಆ’ ಬಿದ್ದುಹೋಯಿತು. ಕೆರೆ ಅದೇ, ನಕ್ಷೆ ಅದೇ, ಉತ್ತರ ಬೇರೆ.

“ಹಾಗಾದ್ರೆ ಗೆರೆ ಎಷ್ಟು ದೂರ ಅಂತ ಹೇಳೋರೇ ಜಾಗ ಆರಿಸಿದ ಹಾಗಾಯ್ತಲ್ಲ, ಮಿಸ್?” ಎಂದಳು ಒಬ್ಬಳು. ಇನ್ನೊಬ್ಬ, “2022ರ ಮಳೇಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಇನ್ನೊಂದು ಹಾಳೆ ಬೇಕು” ಎಂದ. ಆ ಸೆಪ್ಟೆಂಬರ್‌ನಲ್ಲಿ ಮಹದೇವಪುರ ವಲಯದ ಹಲವು ಬಡಾವಣೆಗಳಿಗೆ ನೀರು ನುಗ್ಗಿದ್ದು ಮಕ್ಕಳಿಗೆ ನೆನಪಿತ್ತು. ಮನೆಯವರನ್ನು ವಿಚಾರಿಸಿ ನಾಲ್ಕನೇ ಹಾಳೆ ತರಲು ಹೇಳಿದೆ.

ಕಲಿತದ್ದು: ಜಿಐಎಸ್ ಲೆಕ್ಕವನ್ನು ಬೇಗ ಮಾಡಿಕೊಡುತ್ತದೆ. ಎಷ್ಟು ಮೀಟರ್, ಯಾವ ಪದರ ಎಂಬುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ. ಆದ್ದರಿಂದ ಯಾವ ಕಚೇರಿಯೇ ಆಗಲಿ, ನಕ್ಷೆಯ ಜೊತೆಗೆ ತಾನು ಬಳಸಿದ ಸಂಖ್ಯೆಯನ್ನೂ ಅದರ ಕಾರಣವನ್ನೂ ಜನರ ಮುಂದಿಡಬೇಕು.

ಮೌಲ್ಯಮಾಪನ: 1) 1:2500 ನಕ್ಷೆಯಲ್ಲಿ 30 ಮೀಟರ್ ಎಷ್ಟು ಮಿ.ಮೀ.? (12) 2) ಮೂರರಲ್ಲಿ ಒಂದು ಜಾಗ ಆರಿಸಿ, ಯಾವ ಅಂತರ ಬಳಸಿದಿರಿ, ಏಕೆ ಎಂದು ಎರಡು ವಾಕ್ಯ ಬರೆಯಿರಿ.