ಓವನ್ ಜಾಲರಿಯ ಜಿಡ್ಡಿಗೆ ಎಷ್ಟು ದುಡ್ಡು?

ಹೊಗೆಸೊಪ್ಪಿನ ಹರಾಜಿನ ದುಡ್ಡು ಕೈಗೆ ಬಂದಾಗಲೇ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ಕಡೆಯ ಮನೆಗಳಿಗೆ ಹೊಸ ಸಾಮಾನು ಬರುವುದು. ಮೊದಲು ಮಿಕ್ಸಿ, ಟಿ.ವಿ., ಆಮೇಲೆ ಫ್ರಿಜ್ಜು. ಈಗ ಎನ್. ಬೇಗೂರಿನಂಥ ಕಾಡಂಚಿನ ಊರಿನ ಅಡುಗೆಮನೆಗೂ ಸಣ್ಣ ಓವನ್ ಕಾಲಿಟ್ಟಿದೆ. ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು, ಭಾನುವಾರ ಮಸಾಲೆ ಹಚ್ಚಿದ ಕೋಳಿ. ಕೊಳ್ಳುವಾಗ ಬೆಲೆ ಚೌಕಾಸಿ ಮಾಡುತ್ತೇವೆ. ಗೃಹಜ್ಯೋತಿಯ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಮ್ಮ ತಲೆಗೇ ಬರುತ್ತದಲ್ಲ, ಅದಕ್ಕೆ ಕರೆಂಟು ಎಷ್ಟು ಎಳೆಯುತ್ತದೆ ಅಂತಲೂ ವಿಚಾರಿಸುತ್ತೇವೆ. ತೊಳೆಯುವುದಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಮನೆಯ ತಿಂಗಳ ಸಾಮಾನಿನ ಚೀಟಿಯಲ್ಲಿ ಆ ಖರ್ಚು ನನ್ನ ಕಣ್ಣಿಗೆ ಬಿದ್ದದ್ದು ಸ್ಪ್ರೇ ಬಾಟಲಿಯ ರೂಪದಲ್ಲಿ. ಅರ್ಧ ಲೀಟರಿಗೆ ಇನ್ನೂರು ರೂಪಾಯಿ ಆಸುಪಾಸು. ಮೂರು ನಾಲ್ಕು ಸಲ ಜಾಲರಿ ತೊಳೆದರೆ ಬಾಟಲಿ ಖಾಲಿ, ಅಂದರೆ ಒಂದು ಸಲಕ್ಕೆ ಕಡಿಮೆಯೆಂದರೂ ಐವತ್ತು ರೂಪಾಯಿ. ಒಂದು ಕೇಕಿಗೆ ಬೇಕಾಗುವ ಮೈದಾ, ಸಕ್ಕರೆ ಅಷ್ಟರಲ್ಲೇ ಬರುತ್ತದೆ. ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿದೆ. ಕೆಲಸ ಮಾಡುವ ಮುಖ್ಯ ವಸ್ತು ಕ್ಷಾರ. ಮಿಕ್ಕದ್ದು ನೀರು, ನೊರೆ, ವಾಸನೆ.

ಕ್ಷಾರವೇ ಏಕೆ ಬೇಕು ಅನ್ನುವುದು ಗೊತ್ತಾದರೆ ಅರ್ಧ ದುಡ್ಡು ಅಲ್ಲೇ ಉಳಿಯುತ್ತದೆ. ಇನ್ನೂರು ಡಿಗ್ರಿ ಕಾವಿನಲ್ಲಿ ಮತ್ತೆ ಮತ್ತೆ ಬೆಂದ ಎಣ್ಣೆ ಎಣ್ಣೆಯಾಗಿ ಉಳಿದಿರುವುದಿಲ್ಲ. ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಮರದ ಬಾಗಿಲಿಗೆ ಬಳಿದ ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುವುದೂ ಹೀಗೆಯೇ. ಜಾಲರಿಯ ಅಡ್ಡಕಂಬಿ, ಉದ್ದಕಂಬಿ ಕೂಡುವ ಸಂದಿನಲ್ಲಿ ನೋಡಿ, ಕಂದು ಬಣ್ಣದ ಆ ಜಿಡ್ಡು ಹಲಸಿನ ಮೇಣದ ಹಾಗೆ ಕಚ್ಚಿಕೊಂಡಿರುತ್ತದೆ. ಪಾತ್ರೆ ತೊಳೆಯುವ ಸೋಪು ಹಸಿ ಜಿಡ್ಡನ್ನು ಎಬ್ಬಿಸುತ್ತದೆ, ಇದಕ್ಕೆ ಸೋಲುತ್ತದೆ. ಕ್ಷಾರವಾದರೆ ಕೊಬ್ಬನ್ನು ಒಡೆದು ಅದನ್ನೇ ಸಾಬೂನು ಮಾಡಿಬಿಡುತ್ತದೆ. ಪದರ ಸಡಿಲವಾಗಿ ತಾನೇ ಬಿಟ್ಟುಕೊಳ್ಳುತ್ತದೆ.

ನಮ್ಮತ್ತೆ ರಸಾಯನಶಾಸ್ತ್ರ ಓದಿದವರಲ್ಲ. ನಾನು ಜಾಲರಿಯನ್ನು ಸ್ಟೀಲ್ ನಾರಿನಲ್ಲಿ ತಿಕ್ಕುವುದನ್ನು ಕಂಡು, "ಉಜ್ಜಬ್ಯಾಡ ಕಣವ್ವ, ಬೂದಿ ನೀರ್ನಾಗೆ ನೆನಿಯಾಕ್ ಬುಡು" ಅಂದರು. ಸೌದೆ ಒಲೆಯ ಕಾಲದಲ್ಲಿ ಮಸಿ ಹಿಡಿದ ಪಾತ್ರೆಗೆಲ್ಲ ಅವರಿಗೆ ಬೂದಿಯೇ ಮದ್ದು. ಅವರ ಮಾತು ಸರಿ. ಸೌದೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಅದು ಒಳ್ಳೆಯ ಕ್ಷಾರ. ನಮ್ಮ ಸೀಮೆಯಲ್ಲಿ ಬೂದಿಗಂತೂ ಬರವಿಲ್ಲ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಲ್ಲಿ ಹಗಲೂ ರಾತ್ರಿ ಸೌದೆ ಉರಿಯುತ್ತದೆ, ಒಂದು ಬ್ಯಾರನ್ ಇಳಿಸುವಷ್ಟರಲ್ಲಿ ಕುಕ್ಕೆಗಟ್ಟಲೆ ಬೂದಿ. ಪ್ಲಾಸ್ಟಿಕ್ಕು, ಕಸ ಸೇರದ ಬೂದಿಯನ್ನು ಜರಡಿ ಹಿಡಿದು, ಬಕೆಟ್ ನೀರಿಗೆ ಹಾಕಿ ಕದಡಿ, ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆ ಮೇಲೆ ತಿಳಿನೀರು ನಿಂತಿರುತ್ತದೆ. ಮುಟ್ಟಿದರೆ ಬೆರಳು ಜಾರಬೇಕು, ಹಾಗಿದ್ದರೆ ಹದ ಬಂದಿದೆ ಅಂತ. ಆ ತಿಳಿಯನ್ನು ಕಾಯಿಸಿ ಜಾಲರಿಯನ್ನು ಅದರಲ್ಲಿ ಮುಳುಗಿಸಿಡುವುದು. ಖರ್ಚು ಸೊನ್ನೆ. ಬೂದಿಯ ಕಸುವು ಒಂದೊಂದು ಸಲ ಒಂದೊಂದು ಥರ ಇರುತ್ತದೆ, ಹಳೆಯ ಜಿಡ್ಡಾದರೆ ಎರಡು ಸಲ ನೆನೆಸಬೇಕಾದೀತು.

ಬ್ಯಾರನ್ ಇಲ್ಲದ, ಸೌದೆ ಒಲೆಯೂ ಇಲ್ಲದ ಮನೆಗೆ ನಾನು ಹೇಳುವುದು ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ, ಬಟ್ಟೆಗೆ ಹಾಕುವ ಸೋಡಾ. ನಮ್ಮ ಕಡೆ ದಿನಸಿ ಅಂಗಡಿಯಲ್ಲಿ ಕಿಲೋಗೆ ಅರವತ್ತು ರೂಪಾಯಿಯ ಸುಮಾರಿಗೆ ಸಿಗುತ್ತದೆ. ಜಾಲರಿ ಹಿಡಿಸುವ ಪ್ಲಾಸ್ಟಿಕ್ ಟಬ್ಬಿಗೆ ಕೈ ಸುಡುವಷ್ಟು ಬಿಸಿನೀರು ಹೊಯ್ದು, ನೂರು ಗ್ರಾಂ ಸೋಡಾ ಕರಗಿಸಿ, ರಾತ್ರಿ ಊಟವಾದ ಮೇಲೆ ಜಾಲರಿಯನ್ನು ಮುಳುಗಿಸಿ ಮಲಗುತ್ತೇನೆ. ರಬ್ಬರ್ ಗ್ಲೌಸ್ ಹಾಕಲೇಬೇಕು, ಇಲ್ಲದಿದ್ದರೆ ಕೈ ಚರ್ಮ ಒಡೆಯುತ್ತದೆ. ಬೆಳಿಗ್ಗೆ ನೀರು ಚಹಾ ಬಣ್ಣಕ್ಕೆ ತಿರುಗಿರುತ್ತದೆ. ತೆಂಗಿನ ನಾರಿನಲ್ಲಿ ಒಮ್ಮೆ ಎಳೆದರೆ ಕಂದು ಪದರ ಚಕ್ಕೆ ಚಕ್ಕೆಯಾಗಿ ಕಳಚುತ್ತದೆ, ಒಳಗಿನ ಹೊಳಪು ಕಾಣುತ್ತದೆ. ತೊಳೆದು ಬಿಸಿಲಿಗಿಟ್ಟರೆ ತುಕ್ಕು ಹಿಡಿಯುವುದಿಲ್ಲ. ಒಂದು ಸಲಕ್ಕೆ ಆರು ರೂಪಾಯಿ.

ವಾಷಿಂಗ್ ಸೋಡಾ ಸಿಗದಿದ್ದರೆ ಅಡುಗೆ ಸೋಡಾದಿಂದಲೇ ಅದನ್ನು ಮಾಡಿಕೊಳ್ಳಬಹುದು. ಟ್ರೇಯಲ್ಲಿ ತೆಳ್ಳಗೆ ಹರಡಿ, ಇನ್ನೂರು ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ನೀರಿನ ಆವಿ, ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ವಾಷಿಂಗ್ ಸೋಡಾ ಉಳಿಯುತ್ತದೆ. ನೂರು ಗ್ರಾಂ ಹಾಕಿದರೆ ಅರವತ್ತಮೂರು ಗ್ರಾಂ ಸಿಗುತ್ತದೆ. ಆದರೆ ಅಡುಗೆ ಸೋಡಾ ದುಬಾರಿ, ಮೇಲೆ ಒಂದು ಗಂಟೆಯ ಕರೆಂಟು. ಅಂಗಡಿ ದೂರವಿದ್ದಾಗ ಮಾತ್ರ ಇದು ಲಾಭ.

ಮೊಬೈಲಿನ ವಿಡಿಯೊಗಳಲ್ಲಿ ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದು ಬುರುಗು ಎಬ್ಬಿಸುವುದನ್ನು ನೀವೂ ನೋಡಿರುತ್ತೀರಿ. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಒಂದು ಆಮ್ಲ, ಇನ್ನೊಂದು ಕ್ಷಾರ. ಬೆರೆಸಿದ ಕ್ಷಣಕ್ಕೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ, ಉಳಿಯುವುದು ಉಪ್ಪುನೀರಿನಂಥ ಸಪ್ಪೆ ದ್ರಾವಣ. ವಿನೆಗರ್, ನಿಂಬೆ, ಹುಣಸೆ ಇವೆಲ್ಲ ತಾಮ್ರ, ಹಿತ್ತಾಳೆಯ ಕಿಲುಬಿಗೆ, ಗಡಸು ನೀರಿನ ಬಿಳಿ ಕಲೆಗೆ ಸೈ. ಸುಟ್ಟ ಜಿಡ್ಡಿಗೆ ಅವು ಒಗ್ಗುವುದಿಲ್ಲ.

ಸ್ಟೀಲ್ ನಾರನ್ನೂ ನಾನು ಬಿಟ್ಟಿದ್ದೇನೆ. ಜಾಲರಿಯ ಮೇಲಿರುವುದು ತೆಳ್ಳನೆಯ ಕ್ರೋಮ್ ಲೇಪ. ಅದು ಗೀರಿತೆಂದರೆ ಕೆಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹೊಸ ಜಾಲರಿಗೆ ಮೈಸೂರಿನ ತನಕ ಹೋಗಬೇಕು. ಒಂದು ದಿನದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಕೂಡ ಆ ಲೇಪವನ್ನು ತಿನ್ನುತ್ತದೆ. ಆ ಆಸಿಡ್ಡನ್ನು ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಿದರೆ ಹೊರಡುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಎರವು. ಅಮೋನಿಯಾ ಜೊತೆಗೂ ಬ್ಲೀಚ್ ಸೇರಿಸಬಾರದು. ಅಲ್ಯೂಮಿನಿಯಂ ಟ್ರೇಯನ್ನು ಸೋಡಾ ನೀರಿಗೂ ಬೂದಿ ನೀರಿಗೂ ಹಾಕಬೇಡಿ, ಕಪ್ಪಾಗಿ ಸವೆದುಹೋಗುತ್ತದೆ.

ಜಿಡ್ಡು ಸುಟ್ಟು ಗಟ್ಟಿಯಾಗುವ ಮೊದಲೇ, ಅಡುಗೆಯಾದ ಅದೇ ದಿನ ತೊಳೆಯುವುದಾದರೆ ಅಂಟುವಾಳಕಾಯಿ ಸಾಕು. ನಾಲ್ಕು ಕಾಯಿ ಜಜ್ಜಿ, ಬೀಜ ತೆಗೆದು, ಬಿಸಿನೀರಿನಲ್ಲಿ ಕಿವುಚಿದರೆ ನೊರೆ ಬರುತ್ತದೆ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಹಸಿ ಜಿಡ್ಡನ್ನು ಚೆನ್ನಾಗಿ ಎತ್ತುತ್ತದೆ. ಅಂಟುವಾಳ, ಸೀಗೆಯನ್ನು ಕಾಡಿನಿಂದ ಆಯ್ದು ತಂದು ಬದುಕಿದವರು ನಮ್ಮ ಹಾಡಿಗಳ ಜೇನುಕುರುಬರು, ಕಾಡುಕುರುಬರು. ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿ ಬಂದ ಮೇಲೆ ಬಂಡೀಪುರ, ನಾಗರಹೊಳೆಯಂಥ ಉದ್ಯಾನಗಳೊಳಗಿನ ಈ ಸಂಗ್ರಹಕ್ಕೆ ಕಡಿವಾಣ ಬಿತ್ತು. ಆಮೇಲೆ ಬಂದ 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಮೇಲೆ ಅವರಿಗೆ ಹಕ್ಕು ಕೊಟ್ಟಿದೆ. ಹೀಗಾಗಿ ಅಂಟುವಾಳ ಕೊಳ್ಳುವಾಗ ನಾನು ಸೂಪರ್ ಮಾರ್ಕೆಟ್ಟಿನ ಬಣ್ಣದ ಪ್ಯಾಕೆಟ್ಟನ್ನು ನೋಡುವುದಿಲ್ಲ. ಆದಿವಾಸಿಗಳ ಸಹಕಾರ ಸಂಘ ಲ್ಯಾಂಪ್ಸ್‌ನಲ್ಲಿ ಸಿಗುತ್ತದೆಯೇ ಅಂತ ಮೊದಲು ಕೇಳುತ್ತೇನೆ, ಇಲ್ಲವಾದರೆ ಹಾಡಿಯವರನ್ನೇ ಕೇಳಿ, ಅವರು ಹೇಳಿದ ಬೆಲೆಗೆ ಕೊಳ್ಳುತ್ತೇನೆ. ಅಲ್ಲಿ ಚೌಕಾಸಿ ಬೇಡ. ಸ್ಪ್ರೇ ಬಾಟಲಿಯಲ್ಲಿ ಉಳಿದ ದುಡ್ಡಿನಲ್ಲಿ ಒಂದು ಪಾಲು ಹೀಗೆ ನಮ್ಮ ತಾಲ್ಲೂಕಿನಲ್ಲೇ ಉಳಿಯಲಿ ಅನ್ನುವುದು ನನ್ನ ಆಸೆ.

ತೊಳೆದ ನೀರನ್ನು ಎಲ್ಲಿ ಚೆಲ್ಲುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಅಂಟುವಾಳದ ನೀರು ಮೀನಿಗೆ ವಿಷ, ಕೆರೆಗಾಗಲಿ ಕಬಿನಿ ಹಿನ್ನೀರಿಗಾಗಲಿ ಸೇರಬಾರದು. ಗಿಡದ ಬುಡಕ್ಕೆ ಹಾಕಿದರೆ ತೊಂದರೆಯಿಲ್ಲ. ಸೋಡಾ ನೀರನ್ನು ಬಾಳೆ ಬುಡಕ್ಕೆ ಹಾಕಬೇಡಿ, ಸೋಡಿಯಂ ಸೇರಿ ಮಣ್ಣು ಕೆಡುತ್ತದೆ. ನಮ್ಮ ಮನೆಯಲ್ಲಿ ಅದು ಬಚ್ಚಲ ಇಂಗುಗುಂಡಿಗೆ ಹೋಗುತ್ತದೆ.