ಅಲ್ಲಾಡಿಸಿದರೂ ಸದ್ದು ಮಾಡದ ಪರದೆ

ತಿಪಟೂರು ಕೊಬ್ಬರಿಯ ದರ ಐದಂಕಿಯದು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆಯೇ ಕ್ವಿಂಟಾಲಿಗೆ 12,000 ರೂಪಾಯಿ. ದರ ಮತ್ತು ಮೂಟೆಯ ತೂಕ ಎರಡನ್ನೂ ತೋರಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಮಾಡಲು ಹೊರಟಾಗ ತಕ್ಕಡಿ ನನ್ನನ್ನು ಕಾಡಲಿಲ್ಲ. ಪಾಠ ಕಲಿಸಿದ್ದು ಪರದೆ.

ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೈತರು ಇಡೀ ಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಅಲ್ಲಾಡಿಸಿದರೆ ಸಾಕು, ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಸದ್ದೇ ಹೇಳುತ್ತದೆ. ಕಂಪ್ಯೂಟರಿನ ಪಿಸಿಐ ಕಾರ್ಡೂ ಹಾಗೆಯೇ: ಲಿನಕ್ಸ್ ಕರ್ನೆಲ್ ವಿಚಾರಿಸಿದರೆ ತಯಾರಕ ಯಾರು, ಮಾದರಿ ಯಾವುದು ಎಂದು ತಾನೇ ತಿಳಿಸುತ್ತದೆ. ಎಚ್‌ಡಿಎಂಐ ಮಾನಿಟರ್ ಕೂಡ ತನ್ನ ಅಳತೆಗಳನ್ನು ಒಪ್ಪಿಸುತ್ತದೆ. ಮೊಬೈಲು ಮತ್ತು ಸಣ್ಣ ಬೋರ್ಡುಗಳಿಗೆ ಪರದೆ ಜೋಡಿಸುವ ಡಿಎಸ್‌ಐ ಬಸ್ಸಿನಲ್ಲಿ ಆ ಅನುಕೂಲವಿಲ್ಲ. ಸರಿಯಾದ ಕ್ರಮದಲ್ಲಿ ವಿದ್ಯುತ್ ಕೊಟ್ಟು ರೀಸೆಟ್ ಬಿಡಿಸುವ ತನಕ ಪ್ಯಾನೆಲ್ ತುಟಿ ಬಿಚ್ಚುವುದಿಲ್ಲ. ಆ ಕ್ರಮ ಯಾವುದೆಂದು ತಿಳಿಯಲು ಪ್ಯಾನೆಲ್ ಯಾವುದೆಂದು ಮೊದಲೇ ಗೊತ್ತಿರಬೇಕು!

ಹಾಗಾಗಿ ಪ್ಯಾನೆಲ್ಲಿನ ವಿವರವನ್ನು ನಾವೇ ಕರ್ನೆಲ್ಲಿಗೆ ಬರೆದು ಕೊಡಬೇಕು. ಬರೆಯುವ ಕಡತವೇ ಡಿವೈಸ್ ಟ್ರೀ.

ಇದರ ಬೇರು 1994ರ ಐಇಇಇ 1275 ಮಾನದಂಡದಲ್ಲಿದೆ. ಎಆರ್‌ಎಂ ಬೋರ್ಡುಗಳಲ್ಲಿ ಮೊದಲು ಇಂಥ ವಿವರವೆಲ್ಲ ಸಿ ಭಾಷೆಯ ಕಡತಗಳಾಗಿ ಕರ್ನೆಲ್ಲಿನೊಳಗೇ ಕೂತಿರುತ್ತಿತ್ತು. ಬೆಂಗಳೂರಿನ ಐಐಎಸ್‌ಸಿ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಸ್ಟ್ರಾಂಗ್‌ಆರ್ಮ್ ಎಂಬ ಎಆರ್‌ಎಂ ಚಿಪ್ಪಿನ ಮೇಲೆ ಲಿನಕ್ಸ್ ಓಡಿಸಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ರೂಪಿಸಿದ್ದು ಆ ಕಾಲದಲ್ಲೇ. ಬೋರ್ಡಿಗೊಂದರಂತೆ ಬೆಳೆದ ಈ ಕಡತಗಳ ರಾಶಿಯನ್ನು ನೋಡಿ 2011ರಲ್ಲಿ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ರೇಗಿದ ಮೇಲೆ ಎಆರ್‌ಎಂನವರು ಡಿವೈಸ್ ಟ್ರೀ ಕಡೆ ಹೊರಳಿದರು.

ಮೊದಲ ಪಾಠ: ಪರದೆಯ ಒಡೆಯ ಯಾರು ಎಂದು ನೋಡಿಕೊಳ್ಳಬೇಕು. ಚಿತ್ರ ಮತ್ತು ಆಜ್ಞೆ ಎರಡೂ ಡಿಎಸ್‌ಐ ಮೂಲಕವೇ ಹೋದರೆ ಪ್ಯಾನೆಲ್ಲಿನ ವಿವರ ಡಿಎಸ್‌ಐ ಹೋಸ್ಟಿನ ಒಳಗೆ ಬರುತ್ತದೆ. ಅಲ್ಲಿನ ‘ರೆಗ್’ ಅಂಕಿ ಮೆಮೊರಿ ವಿಳಾಸವಲ್ಲ, 0ರಿಂದ 3ರವರೆಗಿನ ವರ್ಚುವಲ್ ಚಾನೆಲ್. 2015ರಲ್ಲಿ ಬಂದ ರಾಸ್ಪ್‌ಬೆರಿ ಪೈ 7 ಇಂಚಿನ ಪರದೆ ಬೇರೆ ಜಾತಿಯದು. ಚಿತ್ರ ಡಿಎಸ್‌ಐನಲ್ಲಿ ಬಂದರೂ ಅದನ್ನು ನಡೆಸುವ ಮೈಕ್ರೊಕಂಟ್ರೋಲರ್ ಐ2ಸಿ ಬಸ್ಸಿನ ಮೇಲಿದೆ. ಅಂಥದ್ದನ್ನು ಐ2ಸಿ ಕೆಳಗೆ ಬರೆದು, ಡಿಎಸ್‌ಐಗೆ ಪೋರ್ಟ್ ಮತ್ತು ಎಂಡ್‌ಪಾಯಿಂಟ್ ಮೂಲಕ ಕೊಂಡಿ ಹಾಕಬೇಕು.

ಎರಡನೆಯದು: ಟ್ರೀಯಲ್ಲಿ ಇರಬೇಕಾದ್ದು ವಸ್ತುವಿನ ವಿವರ, ಅದನ್ನು ನಡೆಸುವ ವಿಧಾನವಲ್ಲ. ಪ್ಯಾನೆಲ್ ಕೊಟ್ಟವರ ಹಾಳೆಯ ತುಂಬ ಆಜ್ಞೆಗಳಿರುತ್ತವೆ: ಹೆಕ್ಸ್ 11 ಕಳಿಸಿ ನಿದ್ದೆಯಿಂದ ಎಬ್ಬಿಸು, ಸಾಮಾನ್ಯವಾಗಿ 120 ಮಿಲಿಸೆಕೆಂಡ್ ಕಾಯಿ, ಹೆಕ್ಸ್ 29 ಕಳಿಸಿ ಪರದೆ ಬೆಳಗಿಸು. ಇದೆಲ್ಲ ಡ್ರೈವರಿನ ಕೆಲಸ. ಟ್ರೀಗೆ ಬೇಕಾದ್ದು ಪ್ಯಾನೆಲ್ಲಿನ ತಯಾರಕ ಮತ್ತು ಮಾದರಿ, ವಿದ್ಯುತ್ ಎಲ್ಲಿಂದ ಬರುತ್ತದೆ, ಬ್ಯಾಕ್‌ಲೈಟ್ ಯಾವುದು, ರೀಸೆಟ್ ಯಾವ ಪಿನ್ನು ಎಂಬ ಸಂಗತಿಗಳು. ರೀಸೆಟ್ ತಂತಿ ಬಹುತೇಕ ವೋಲ್ಟೇಜ್ ಇಳಿದಾಗ ಕೆಲಸ ಮಾಡುವಂಥದ್ದು. ಅದನ್ನು ಟ್ರೀಯಲ್ಲಿ ‘ಆಕ್ಟಿವ್ ಲೋ’ ಎಂದು ನಮೂದಿಸಿದರೆ ಡ್ರೈವರ್ ‘ರೀಸೆಟ್ ಹಿಡಿ’, ‘ರೀಸೆಟ್ ಬಿಡು’ ಎಂದಷ್ಟೇ ಯೋಚಿಸುತ್ತದೆ. ಅದೇ ಡ್ರೈವರ್ ಇನ್ನೊಂದು ಬೋರ್ಡಿಗೂ ನಡೆಯುತ್ತದೆ.

ಮೂರನೆಯದು ಲೆಕ್ಕ. 800×480 ಪರದೆಗೆ ಅಂಚಿನ ಖಾಲಿ ಜಾಗ ಸೇರಿ ಅಡ್ಡ 1056, ಉದ್ದ 525 ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 60 ಚಿತ್ರವಾದರೆ ಪಿಕ್ಸೆಲ್ ಗಡಿಯಾರ 33.264 ಮೆಗಾಹರ್ಟ್ಸ್. ಪಿಕ್ಸೆಲ್ಲಿಗೆ 24 ಬಿಟ್‌ನಂತೆ ಸೆಕೆಂಡಿಗೆ ಸುಮಾರು 798 ಮೆಗಾಬಿಟ್. ಡಿಎಸ್‌ಐನ ಎರಡು ದತ್ತಾಂಶ ಲೇನಿಗೆ ಹಂಚಿದರೆ ಲೇನಿಗೆ 399. ಪರದೆ ಕಪ್ಪಾಗಿ ಕೂತಾಗ ಈ ನಾಲ್ಕು ಸಾಲಿನ ಗುಣಾಕಾರ ಎಷ್ಟೋ ಅನುಮಾನಗಳನ್ನು ಕಳೆಯುತ್ತದೆ.

ತಿಪಟೂರಿನಲ್ಲೇ ಎಂಜಿನಿಯರಿಂಗ್ ಓದುತ್ತಿರುವವರಿಗೆ ಒಂದು ಮಾತು. ಕರ್ನೆಲ್ ಮೂಲದ ಡಾಕ್ಯುಮೆಂಟೇಶನ್ ಫೋಲ್ಡರಿನಲ್ಲಿ ಡಿವೈಸ್ ಟ್ರೀ ಬೈಂಡಿಂಗ್‌ಗಳಿವೆ. ಡಿಸ್‌ಪ್ಲೇ ವಿಭಾಗದಲ್ಲಿ ಪ್ಯಾನೆಲ್ಲುಗಳಿಗೇ ಒಂದು ಫೋಲ್ಡರ್ ಇದೆ. ಹೊಸ ಪ್ಯಾನೆಲ್ ಕೈಗೆ ಬಂದರೆ ಮೊದಲು ಅಲ್ಲಿ ಹುಡುಕಿ. ಇಲ್ಲವಾದರೆ ನೀವೇ ಬರೆದು, ‘ಡಿಟಿ ಬೈಂಡಿಂಗ್ ಚೆಕ್’ ಓಡಿಸಿ ನೋಡಿ, ಕರ್ನೆಲ್ಲಿಗೆ ಕಳಿಸಿ.